ಎಂಜಿನಿಯರ್ ಅನ್ನಿಸಿಕೊಳ್ಳಲು ಏನು ಬೇಕು?



ತಾವಾಗಿಯೇ ಪ್ರೋಗ್ರಾಮಿಂಗ್ ಕಲಿತವರು ಎಂಜಿನಿಯರ್ ಎಂದು ಹೇಳಿಕೊಳ್ಳಬಹುದೇ? ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರದ್ದು. ಎಂಜಿನಿಯರ್ ಎಂಬ ಹೆಸರಿಗೆ ಅಂಥ ಕೇಂದ್ರ ಕಾಯ್ದೆಯ ಬೇಲಿಯಿಲ್ಲ. ಬಿ.ಎಸ್ಸಿ. ಮಾಡಿದವರ ಆಫರ್ ಲೆಟರಿನಲ್ಲೂ ಸಾಫ್ಟ್‌ವೇರ್ ಎಂಜಿನಿಯರ್ ಎಂದಿರುತ್ತದೆ. ಹೆಣ್ಣು-ಗಂಡು ನೋಡುವ ಮಾತುಕತೆಯಲ್ಲಂತೂ ಕೇಳುವುದೇ ಬೇಡ.

ಕೆನಡಾದಲ್ಲಿ ಹಾಗಲ್ಲ. ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡವರಿಗಷ್ಟೇ ಆ ಹೆಸರು. 1907ರಲ್ಲಿ ಕ್ವಿಬೆಕ್ ಸೇತುವೆ ಕುಸಿದು 75 ಕಾರ್ಮಿಕರು ಸತ್ತದ್ದನ್ನು ಆ ವೃತ್ತಿಯವರು ಮರೆತಿಲ್ಲ. ಆದರೂ 2023ರಲ್ಲಿ ಆಲ್ಬರ್ಟಾ ಪ್ರಾಂತ್ಯದ ನ್ಯಾಯಾಲಯ, ಸಾಫ್ಟ್‌ವೇರ್ ಎಂಜಿನಿಯರ್ ಎಂದು ಕರೆದುಕೊಳ್ಳುವುದನ್ನು ತಡೆಯಬೇಕೆಂಬ ನಿಯಂತ್ರಕರ ಕೋರಿಕೆಯನ್ನು ತಳ್ಳಿಹಾಕಿತು. ಬೆನ್ನಲ್ಲೇ ಆ ಪ್ರಾಂತ್ಯದ ಕಾನೂನೂ ಸಡಿಲವಾಯಿತು.

ಈ ಸಡಿಲಿಕೆ ನನಗೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಅದೇ ಕೆನಡಾದ ಸರ್ಕಾರಿ ಸಂಸ್ಥೆಯೊಂದು ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ತಯಾರಿಸಿತ್ತು. 1985ರಿಂದ 1987ರೊಳಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು. ಕೆಲವರು ಪ್ರಾಣ ಬಿಟ್ಟರು. ಹಳೆಯ ಮಾದರಿಗಳಲ್ಲಿದ್ದ ಪ್ರತ್ಯೇಕ ಸುರಕ್ಷತಾ ಏರ್ಪಾಡನ್ನು ತೆಗೆದು, ಹೊಸದರಲ್ಲಿ ಸಾಫ್ಟ್‌ವೇರನ್ನೇ ನಂಬಿದ್ದರು. ಕೈ ಪಳಗಿದ ಆಪರೇಟರ್ ಪರದೆಯ ಮೇಲಿನ ತಪ್ಪನ್ನು ಎಂಟು ಸೆಕೆಂಡಿನೊಳಗೆ ತಿದ್ದಿಬಿಟ್ಟರೆ, ತಿದ್ದಿದ್ದು ಯಂತ್ರದ ಗಮನಕ್ಕೇ ಬರುತ್ತಿರಲಿಲ್ಲ. ಆ ಪ್ರೋಗ್ರಾಂ ಬರೆದವರು ಒಬ್ಬರೇ. ಅವರ ಓದೇನು, ಅನುಭವವೇನು ಎಂದು ಮುಂದೆ ನಡೆದ ಮೊಕದ್ದಮೆಯಲ್ಲಿ ಕೇಳಿದಾಗ ಸಂಸ್ಥೆಯವರಿಗೆ ಉತ್ತರಿಸಲಾಗಲಿಲ್ಲ. ಪದವೀಧರರು ಬರೆದಿದ್ದರೂ ಆ ದೋಷ ನುಸುಳಬಹುದಿತ್ತು. ಬರೆದದ್ದನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಿರಲಿಲ್ಲ ಎಂಬುದೇ ನನ್ನ ಪಾಲಿಗೆ ದೊಡ್ಡ ಲೋಪ.

ಇನ್ನೊಂದು ಕಡೆ ನೋಡಿ. ಅಪೋಲೊ ನೌಕೆಯ ಸಾಫ್ಟ್‌ವೇರ್ ತಂಡ ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಓದಿದ್ದು ಗಣಿತ. ಪ್ರೋಗ್ರಾಮಿಂಗ್ ಕಲಿತದ್ದು ಕೆಲಸ ಮಾಡುತ್ತಾ. ಗಗನಯಾತ್ರಿ ತಪ್ಪು ಪ್ರೋಗ್ರಾಂ ಆರಿಸಬಹುದು, ಅದಕ್ಕೊಂದು ತಡೆ ಬೇಕು ಎಂದು ಅವರು ಹೇಳಿದ್ದರು. ಗಗನಯಾತ್ರಿಗಳು ಅಂಥ ತಪ್ಪು ಮಾಡುವವರಲ್ಲ ಎಂದರು ಮೇಲಿನವರು. 1968ರಲ್ಲಿ ಅಪೋಲೊ-8ರಲ್ಲಿ ಆದದ್ದು ಅದೇ ತಪ್ಪು! ಇವರು ಎಂಜಿನಿಯರ್ ಅಲ್ಲ ಎನ್ನುವ ಧೈರ್ಯ ಯಾರಿಗಿದೆ?

ಮನೆಯಲ್ಲೇ ಕಲಿತ ಹುಡುಗ ಹುಡುಗಿಯರು ಈ ಹೆಸರು ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಆಸ್ಪತ್ರೆಯ ಯಂತ್ರ, ರೈಲಿನ ಸಿಗ್ನಲ್, ವಿದ್ಯುತ್ ಜಾಲ ನಡೆಸುವ ಪ್ರೋಗ್ರಾಮಿಗೆ ಹೊಣೆ ಹೊತ್ತು ಸಹಿ ಹಾಕುವವರೊಬ್ಬರು ಇರಲೇಬೇಕು, ಅದನ್ನು ಇನ್ನೊಬ್ಬರು ಪರಿಶೀಲಿಸಿರಲೇಬೇಕು. ಬಿ.ಇ. ಓದಿದವರಿಗೂ ಇದರಿಂದ ವಿನಾಯಿತಿ ಬೇಡ.