ತನ್ನದಲ್ಲದ್ದರ ಲೆಕ್ಕ



ಪ್ರತಿ ಜನವರಿಯಲ್ಲಿ ಒಡಿಶಾದ ಚಿಲಿಕಾ ಸರೋವರದಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಸಿಹಿನೀರು, ಉಪ್ಪುನೀರು ಬೆರೆಯುವ ಈ ಹಿನ್ನೀರಿಗೆ ಹಿಮಾಲಯದಾಚೆಯಿಂದಲೂ ಹಕ್ಕಿಗಳು ಬರುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಅಲ್ಲಿಗೂ ಚಳಿಗಾಲದ ಅತಿಥಿ.

ಲಕ್ಷಗಟ್ಟಲೆ ಹಕ್ಕಿಗಳನ್ನು ಎಣಿಸುವುದು ಹೇಗೆ? ಅರಣ್ಯ ಸಿಬ್ಬಂದಿ, ಪಕ್ಷಿತಜ್ಞರು ತಂಡಗಳಾಗಿ ಸರೋವರವನ್ನು ಹಂಚಿಕೊಂಡು ದೋಣಿಯಲ್ಲಿ ಹೊರಡುತ್ತಾರೆ. ದೊಡ್ಡ ಹಿಂಡು ಕಂಡರೆ ಮೊದಲು ನೂರು ಹಕ್ಕಿಗಳು ಎಷ್ಟು ಜಾಗ ಹಿಡಿದಿವೆ ಎಂದು ನೋಡಿ, ಅದೇ ಅಳತೆಯಲ್ಲಿ ಇಡೀ ಹಿಂಡನ್ನು ಅಂದಾಜು ಮಾಡುತ್ತಾರೆ. ಅಂದಾಜು ತುಸು ತಪ್ಪಬಹುದು. ಆದರೆ ವರ್ಷವರ್ಷವೂ ಅದೇ ಕಾಲದಲ್ಲಿ, ಅದೇ ಕ್ರಮದಲ್ಲಿ ಎಣಿಸಿದಾಗ ಏರಿಳಿತ ತಿಳಿಯುತ್ತದೆ. ಒಂದು ವರ್ಷದ ಸಂಖ್ಯೆ ಸುದ್ದಿ. ಹಲವು ವರ್ಷಗಳ ಸಂಖ್ಯೆ ಸಾಕ್ಷಿ.

ಚಿಲಿಕಾ ಒಮ್ಮೆ ಸೊರಗಿತ್ತು. ಹೂಳು ತುಂಬಿ ಸಮುದ್ರದ ಸಂಪರ್ಕ ಕ್ಷೀಣಿಸಿ, ಉಪ್ಪಿನಂಶ ಇಳಿದು, ಕಳೆ ಹಬ್ಬಿತ್ತು. 2000ರಲ್ಲಿ ಹೊಸ ಅಳಿವೆ ತೆರೆದ ಮೇಲೆ ಚೇತರಿಸಿಕೊಂಡಿತು. ದಡದ ಮಂಗಳಾಜೋಡಿ ಗ್ರಾಮದಲ್ಲಿ ಹಕ್ಕಿ ಬೇಟೆಯಾಡುತ್ತಿದ್ದವರೇ ಅವುಗಳ ಕಾವಲುಗಾರರಾದರು. ಪ್ರವಾಸಿಗರನ್ನು ಕರೆದೊಯ್ಯುವ ದೋಣಿ ಅವರಿಗೆ ಅನ್ನ ಕೊಟ್ಟಿತು.

ಹಣ, ಆಸ್ತಿ, ವಯಸ್ಸು—ನಮ್ಮದೆನ್ನುವುದನ್ನೆಲ್ಲ ನಾವು ಎಣಿಸುತ್ತೇವೆ. ನಮ್ಮದಲ್ಲದ್ದನ್ನೂ ಶ್ರದ್ಧೆಯಿಂದ ಎಣಿಸಿದಾಗ ಅದರ ಹೊಣೆ ನಮ್ಮದಾಗುತ್ತದೆ. ನಮ್ಮೂರ ಕೆರೆಗೆ ಈ ಚಳಿಗಾಲ ಯಾವ ಹಕ್ಕಿ ಬಂದಿದೆ, ಎಷ್ಟು ಬಂದಿವೆ? ಈ ವಾರವೇ ನೋಡಿ, ಬರೆದಿಡೋಣ. ಮುಂದಿನ ವರ್ಷ ಹೋಲಿಸಿ ನೋಡಲು ಆ ಒಂದು ಸಾಲು ಬೇಕಾಗುತ್ತದೆ.