ಟಿವಿ ಮಾತಾಡುತ್ತೆ, ಕೇಳಿಸಿಕೊಳ್ಳಲ್ಲ

ಇವತ್ತು ನನ್ನ ಅಕ್ಕನ ಮಗನ ಕಥೆಯಿಂದ ಶುರು ಮಾಡ್ತೀನಿ.

ಅಕ್ಕ, ಭಾವ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ವೈಟ್‌ಫೀಲ್ಡ್‌ನಲ್ಲಿ ಹನ್ನೊಂದನೇ ಮಹಡಿಯ ಮನೆ. ಮಗು ಹುಟ್ಟಿದ್ದು 2020ರ ಲಾಕ್‌ಡೌನ್‌ನಲ್ಲಿ. ಊರಿಂದ ಅಜ್ಜಿ ಬರೋ ಹಾಗಿರಲಿಲ್ಲ, ಪಕ್ಕದ ಮನೆಯ ಬಾಗಿಲು ತೆರೀತಿರಲಿಲ್ಲ. ಒಂದು ರೂಮಲ್ಲಿ ಅಕ್ಕನ ಮೀಟಿಂಗ್, ಇನ್ನೊಂದರಲ್ಲಿ ಭಾವನ ಮೀಟಿಂಗ್, ಹಾಲ್‌ನಲ್ಲಿ ಮಗು ಮತ್ತು ಟಿವಿ. ಎರಡೂವರೆ ವರ್ಷ ತುಂಬಿದರೂ ಅವನ ಬಾಯಲ್ಲಿ 'ಅಮ್ಮ' ಬರಲಿಲ್ಲ. ಜಾಹೀರಾತಿನ ಟ್ಯೂನ್ ಮಾತ್ರ ತಪ್ಪಿಲ್ಲದೆ ಗುನುಗುತ್ತಿದ್ದ. ಡಾಕ್ಟರ್ ಪರೀಕ್ಷೆ ಮಾಡಿ, 'ಕಿವಿ ಚೆನ್ನಾಗಿದೆ. ಇವನ ಜೊತೆ ಮಾತಾಡೋರು ಯಾರು?' ಅಂತ ಕೇಳಿದರು. ಅಕ್ಕನ ಹತ್ತಿರ ಉತ್ತರ ಇರಲಿಲ್ಲ.

ಮಾತು ತಡವಾಗೋಕೆ ಹತ್ತಾರು ಕಾರಣ ಇರಬಹುದು. ಅನುಮಾನ ಬಂದರೆ ವೈದ್ಯರಿಗೆ ತೋರಿಸಲೇಬೇಕು. ಆದರೆ ಒಂದು ವಿಷಯ ಗಮನಿಸಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 9 ತಿಂಗಳ ಕೂಸುಗಳ ಎದುರು ಕೂತು, ಆಟಿಕೆ ಹಿಡಿದು, 12 ಸಲ ಚೀನೀ ಭಾಷೆ ಮಾತಾಡಿದರು. ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸೋದು ಕಲಿತವು. ಬೇರೆ ಕೂಸುಗಳಿಗೆ ಅದೇ ಮಾತನ್ನು ಡಿವಿಡಿಯಲ್ಲಿ ತೋರಿಸಿದರು. ಅವು ಏನೂ ಕಲಿಯಲಿಲ್ಲ!

ನಾನು ಎಂಜಿನಿಯರಿಂಗ್ ಓದಿದವನು. ಫೀಡ್‌ಬ್ಯಾಕ್ ಅನ್ನೋ ಪಾಠ ನಾಲ್ಕು ವರ್ಷ ಓದಿದ್ದೀನಿ. ಅದು ನಿಜವಾಗಿ ಅರ್ಥ ಆಗಿದ್ದು ಇಲ್ಲಿ. ಮಗು 'ಆ' ಅಂದಾಗ ಯಾರಾದರೂ 'ಏನಪ್ಪಾ?' ಅನ್ನಬೇಕು. ಮಾತು ಹುಟ್ಟೋದೇ ಆ ಮರುಮಾತಿನಿಂದ.

ಇದು ಲ್ಯಾಪ್‌ಟಾಪ್ ಮನೆಗಳ ಸಮಸ್ಯೆ ಮಾತ್ರನಾ? ಪೀಣ್ಯಕ್ಕೆ ಬನ್ನಿ. ಗಾರ್ಮೆಂಟ್ಸ್‌ಗೆ ಹೋಗೋ ತಾಯಿ, ಒಂದೇ ರೂಮಿನ ಶೀಟ್ ಮನೆ. ಅಜ್ಜಿ ಊರಲ್ಲಿ, ಮಗುವಿನ ಕೈಯಲ್ಲಿ ಮೊಬೈಲ್. ಬಾಡಿಗೆ ಬೇರೆ ಬೇರೆ, ಮಕ್ಕಳ ಒಂಟಿತನ ಒಂದೇ.

ತಾಯಂದಿರನ್ನು ಬೈಯೋದು ಸುಲಭ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯೋ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ 1948ರ ಕಾಯ್ದೆಯೇ ಹೇಳಿತ್ತು. 50 ಸಿಬ್ಬಂದಿ ಇರೋ ಸಂಸ್ಥೆಗೂ ಅದು ಕಡ್ಡಾಯ, ದಿನಕ್ಕೆ 4 ಸಲ ತಾಯಿ ಹೋಗಿ ಮಗು ನೋಡಬಹುದು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ನಿಮ್ಮ ಕಂಪನಿಯಲ್ಲಿ ಆ ಕೋಣೆ ಇದೆಯಾ? ಇದ್ದರೆ, ಅದರಲ್ಲಿ ಮಕ್ಕಳಿದ್ದಾರಾ?

ಅಕ್ಕ ಆಮೇಲೆ ಟಿವಿ ಆಫ್ ಮಾಡಿದಳು. ದಿನಾ ಸಂಜೆ ಮಗನನ್ನು ಕೆಳಗೆ ಕರ್ಕೊಂಡು ಹೋಗಿ ಸೆಕ್ಯೂರಿಟಿಯವರ ಮಕ್ಕಳ ಜೊತೆ ಆಡೋಕೆ ಬಿಟ್ಟಳು. ಕೆಲವು ತಿಂಗಳಾದ ಮೇಲೆ ಅವನು ಆಡಿದ ಮೊದಲ ಮಾತು 'ಕೊಡು'. ಚೆಂಡು ಇನ್ನೊಬ್ಬ ಹುಡುಗನ ಕೈಯಲ್ಲಿತ್ತು.

ನಾನು ದಿನಾ ರಾತ್ರಿ ನಿಮ್ಮ ಮನೆಯಲ್ಲಿ ಮಾತಾಡ್ತೀನಿ. ನಿಮ್ಮ ಮಗು ತಿರುಗಿ ಏನಾದರೂ ಅಂದರೆ ನನಗೆ ಕೇಳಿಸಲ್ಲ, ನಿಮಗೆ ಕೇಳಿಸುತ್ತೆ. ಅದಕ್ಕೇ, ಮನೆಯಲ್ಲಿ ಕೂಸು ಎದ್ದಿದ್ದರೆ ರಿಮೋಟ್ ತಗೊಳ್ಳಿ, ನನ್ನನ್ನು ಆಫ್ ಮಾಡಿ.