ವಚನಗಳ ವಿಮರ್ಶೆಯೂ ರಸಗ್ರಹಣವೂ

(ವಿಜಯಪುರದಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಚನವನ್ನು ಉದಾಹರಿಸದ ಭಾಷಣವು ನಮ್ಮ ಜಿಲ್ಲೆಯಲ್ಲಿ ವಿರಳ. ಆದರೆ ಉದಾಹರಿಸುವುದು ಬೇರೆ, ಓದುವುದು ಬೇರೆ. ಒಂದು ಸಾಲನ್ನು ಕಿತ್ತು ಶಾಲೆಯ ಗೋಡೆಗೆ ಬರೆದರೆ ನೀತಿಯು ಉಳಿದೀತು, ಕಾವ್ಯವು ಅಳಿಯುವುದು. ಆ ಕಾವ್ಯವನ್ನು ಉಳಿಸಿಕೊಡುವುದೇ ವಿಮರ್ಶೆಯ ಕಾರ್ಯ.

ಅದರ ಮೊದಲ ಮೆಟ್ಟಿಲು ಪಾಠನಿರ್ಣಯ. ಇದೇ ಊರಿನಲ್ಲಿ ವಕೀಲಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಲಿಪಿಕಾರನ ಕೈಯಲ್ಲಿ ಒಂದಕ್ಷರವು ಮಾರ್ಪಟ್ಟರೆ ಅರ್ಥವೇ ಮಾರ್ಪಡುವುದು. ಆದುದರಿಂದ ವಚನವನ್ನು ಬಾಯಿಂದ ಬಾಯಿಗೆ ಬಂದಂತೆ ಬರೆಯಿಸದೆ ಅಚ್ಚಿನ ಪಾಠದೊಡನೆ ಹೋಲಿಸಿ ನೋಡಬೇಕು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದ ಮೇಲೆ ಈ ಕೆಲಸವು ಸುಲಭವಾಗಿದೆ.

ಎರಡನೆಯದು ಸಂದರ್ಭ. 12ನೆಯ ಶತಮಾನದ ಬಿಡಿ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂವಾದದ ಸೂತ್ರದಲ್ಲಿ ಪೋಣಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದನು. ಅಲ್ಲಿ ಅಕ್ಕಮಹಾದೇವಿಯ ಮಾತು ಅಲ್ಲಮಪ್ರಭುವಿನ ಪ್ರಶ್ನೆಗೆ ಉತ್ತರವಾಗಿ ನಿಲ್ಲುವುದು. ಅದನ್ನೇ ಬಿಡಿಯಾಗಿ ಓದಿದರೆ ಚೆನ್ನಮಲ್ಲಿಕಾರ್ಜುನನೊಡನೆ ಆಡಿದ ಏಕಾಂತದ ಮಾತಾಗಿ ಕೇಳಿಸೀತು. ಎರಡು ಓದುಗಳೂ ಸಲ್ಲುವುವು. ಸಂಪಾದನಕಾರನು ಮಾಡಿದ ಜೋಡಣೆಯು ತಾನೇ ಒಂದು ಶ್ರೇಷ್ಠ ವಿಮರ್ಶೆ; ಅದನ್ನು ನಡೆದ ಚರಿತ್ರೆಯೆಂದು ಮಾತ್ರ ಭಾವಿಸಬಾರದು.

ಮೂರನೆಯದು ನುಡಿ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ ಮುಂತಾದವರು ಕಾಯಕದ ಹೆಸರಿನಿಂದಲೇ ಪ್ರಸಿದ್ಧರು. ಹೊಲ, ಕಣ, ಮಗ್ಗ, ದೋಣಿಗಳು ವಚನಗಳಲ್ಲಿ ಉಪಮಾನಗಳಾಗಿ ಬರುವುವು. ನಿಘಂಟು ಮೌನ ತಾಳಿದಲ್ಲಿ ಡೋಣಿ ಸಾಲಿನ ಒಕ್ಕಲಿಗನನ್ನು ಕೇಳಿರಿ. ಪಂಡಿತರಿಗೆ ತೊಡಕಾದ ಮಾತು ಅವನ ನಿತ್ಯದ ನುಡಿಯಾಗಿದ್ದೀತು.

ಇನ್ನು ತರಗತಿಯ ಮಾತು. ಮೊದಲು ಇಡೀ ವಚನವನ್ನು ಅಂಕಿತದವರೆಗೆ ಗಟ್ಟಿಯಾಗಿ ಓದಿರಿ. ‘ಕೂಡಲಸಂಗಮದೇವಾ’ ಎಂಬುದು ಕೇವಲ ಸಹಿಯಲ್ಲ, ಅದೊಂದು ಕರೆ. ಅಲ್ಲಿಯವರೆಗಿನ ಮಾತು ಯಾರನ್ನು ಕುರಿತದ್ದೆಂಬುದು ಆ ಕರೆಯಲ್ಲಿಯೇ ಬಯಲಾಗುವುದು. ಹೇಳುವವರಾರು, ಬೇಡುವರೋ, ಜಗಳವಾಡುವರೋ, ತಮ್ಮನ್ನೇ ಹಳಿದುಕೊಳ್ಳುವರೋ ಎಂದು ಮಕ್ಕಳನ್ನು ಕೇಳಿರಿ. ಸಾರಾಂಶವು ಕೊನೆಗೆ ಬರಲಿ. ಸಾರಾಂಶವನ್ನಷ್ಟೇ ಪಡೆದ ಬಾಲಕನು ಪರೀಕ್ಷೆಯೊಡನೆ ಅದನ್ನು ಮರೆಯುವನು. ದನಿಯನ್ನು ಕೇಳಿದವನು ಮುಂದೆ ತಾನಾಗಿಯೇ ಪುಸ್ತಕವನ್ನು ತೆರೆಯುವನು.

ಓಲೆಗರಿಗಳು ಹುಳುವಿಗೆ ತುತ್ತಾಗದಂತೆ ಹಿರಿಯರು ಕಾಪಾಡಿದರು. ವಚನಗಳು ಬರಿಯ ಬಾಯಿಪಾಠಕ್ಕೆ ತುತ್ತಾಗದಂತೆ ಕಾಯುವ ಭಾರವು ತಮ್ಮದು.